ಮೆನು ಒಳಗೆ ಮೆನು: ಟಿಕಿಂಟರ್‌ನಲ್ಲಿ ಮಾಡೋದು ಹೇಗೆ, ಎಲ್ಲಿ ನಿಲ್ಲಿಸಬೇಕು

ಮಂಡ್ಯದ ಬೆಲ್ಲದ ಮಂಡಿಯೊಂದಕ್ಕೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡಬೇಕು ಅಂದುಕೊಳ್ಳಿ. ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆಯಬೇಕು, ರೈತರ ಖಾತೆ ನೋಡಬೇಕು, ಮುಂಗಡ, ಹಮಾಲಿ, ವರದಿ ಎಲ್ಲ ಬೇಕು. ಎಲ್ಲಕ್ಕೂ ಒಂದೊಂದು ಬಟನ್ ಇಟ್ಟರೆ ಸ್ಕ್ರೀನ್ ತುಂಬಿಹೋಗುತ್ತದೆ. ಹಾಗಾಗಿ ಮೆನು. ವಿಂಡೋಸ್‌ನಲ್ಲಿ ಪೈಥಾನ್ ಭಾಷೆ ಹಾಕಿಕೊಂಡರೆ, ಕಿಟಕಿ, ಬಟನ್, ಮೆನು ಮಾಡಿಕೊಡುವ ಟಿಕಿಂಟರ್ ಲೈಬ್ರರಿ ಅದರ ಜೊತೆಗೇ ಬರುತ್ತದೆ, ಅದರಲ್ಲೇ ಹೇಳುತ್ತೇನೆ.

ಕೋಡ್ ಆಮೇಲೆ. ಮೊದಲು ಗುಮಾಸ್ತರ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿ. ಪಟ್ಟಿ ಬರೆಯೋದು ಅವರಿಗೆ ಇಡೀ ದಿನದ ಕೆಲಸ, ಅದನ್ನು ಮೂರು ಮೆನುಗಳ ಒಳಗೆ ಬಚ್ಚಿಟ್ಟರೆ ಬೈಸಿಕೊಳ್ಳುತ್ತೀರಿ. ತಿಂಗಳಿಗೊಮ್ಮೆ ತೆಗೆಯುವ ವರದಿ ಬೇಕಾದರೆ ಒಳಗಿರಲಿ.

ಇನ್ನು ಕಟ್ಟೋದು. ಕಿಟಕಿಗೆ (ವಿಂಡೋಗೆ) ಒಂದು ಮೆನುಬಾರ್ ಮಾಡಿ. ಅದನ್ನು ತಾಯಿಯಾಗಿ (ಪೇರೆಂಟ್) ಕೊಟ್ಟು 'ವರದಿ' ಅನ್ನುವ ಮೆನು ಮಾಡಿ. 'ವರದಿ'ಯನ್ನು ತಾಯಿಯಾಗಿ ಕೊಟ್ಟು 'ಬೆಲ್ಲದ ಬಗೆ' ಅನ್ನುವ ಇನ್ನೊಂದು. ಒಂದರೊಳಗೆ ಇನ್ನೊಂದನ್ನು ಸೇರಿಸುವುದು ಆಡ್-ಕ್ಯಾಸ್ಕೇಡ್. ನಿಜವಾದ ಕೆಲಸ ಮಾಡುವ ಸಾಲಿಗೆ ಆಡ್-ಕಮಾಂಡ್. ಕೊನೆಗೆ ಮೆನುಬಾರನ್ನು ಕಿಟಕಿಯ ಕಾನ್ಫಿಗ್‌ಗೆ ಕೊಡಬೇಕು, ಇಲ್ಲದಿದ್ದರೆ ಎಲ್ಲ ಸರಿಯಿದ್ದೂ ಏನೂ ಕಾಣಲ್ಲ. ಟಿಕಿಂಟರ್ ಒಳಗೆ ಕೆಲಸ ಮಾಡುವ ಟಿಕೆ ಲೈಬ್ರರಿಯ 8.6ರಲ್ಲಿ ಪ್ರತಿ ಮೆನುವಿನ ತಲೆಯ ಮೇಲೆ ಚುಕ್ಕಿಗಳ ಗೆರೆಯೊಂದು ಬರುತ್ತದೆ, ಒತ್ತಿದರೆ ಮೆನು ಕಿತ್ತುಕೊಂಡು ಬೇರೆ ಕಿಟಕಿಯಾಗುತ್ತದೆ. ಯಾರಿಗೂ ಬೇಡದ ಸೌಲಭ್ಯ. ಮೆನು ಮಾಡುವಾಗಲೇ ಟೇರ್‌ಆಫ್ ಸೊನ್ನೆ ಅಂತ ಕೊಟ್ಟುಬಿಡಿ, ಒಳಮೆನುಗಳಿಗೂ ಸೇರಿ.

ಜಾಸ್ತಿ ಜನ ಎಡವುವುದು ಲೂಪ್‌ನಲ್ಲಿ. ಅಚ್ಚು, ಬಕೆಟ್, ಬಾಕ್ಸ್ ಅಂತ ಬಗೆಗಳ ಲಿಸ್ಟ್ ಇದೆ, ಫಾರ್ ಲೂಪ್ ಹಾಕಿ ಒಂದೊಂದಕ್ಕೂ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಡುತ್ತೀರಿ. ಮೆನು ಚೆನ್ನಾಗೇ ಬರುತ್ತದೆ. ಆದರೆ 'ಅಚ್ಚು' ಒತ್ತಿದರೂ ಬಾಕ್ಸ್ ವರದಿ, 'ಬಕೆಟ್' ಒತ್ತಿದರೂ ಬಾಕ್ಸ್ ವರದಿ! ಲ್ಯಾಂಬ್ಡಾ ಆ ಹೆಸರಿನ ಬೆಲೆ ನೋಡುವುದು ಒತ್ತಿದಾಗ, ಅಷ್ಟೊತ್ತಿಗೆ ಲೂಪ್ ಮುಗಿದು ಕೊನೆಯದೇ ಉಳಿದಿರುತ್ತದೆ. ಲ್ಯಾಂಬ್ಡಾದ ಆರ್ಗ್ಯುಮೆಂಟ್‌ಗೆ ಡೀಫಾಲ್ಟ್ ಆಗಿ ಆ ಬಗೆಯನ್ನು ಕೊಟ್ಟರೆ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಮುಗೀತು.

ಲಿಸ್ಟ್ ಆಗಾಗ ಬದಲಾಗುತ್ತಾ? ಮೆನುವಿನ ಪೋಸ್ಟ್‌ಕಮಾಂಡ್ ಅನ್ನುವ ಆಯ್ಕೆಗೆ ಒಂದು ಫಂಕ್ಷನ್ ಕೊಡಿ. ಮೆನು ತೆರೆಯುವ ಮುಂಚೆ ಅದು ಓಡುತ್ತದೆ, ಅದರಲ್ಲಿ ಹಳೇ ಸಾಲು ಅಳಿಸಿ ಹೊಸದು ತುಂಬಿ. ಆದರೆ ರೈತರ ಹೆಸರನ್ನೆಲ್ಲ ಮೆನುವಿಗೆ ತುಂಬಲು ಹೋಗಬೇಡಿ, ಮಹಾರಾಯರೇ. ಅದಕ್ಕೆ ಹುಡುಕುವ ಕಿಟಕಿ ಮಾಡಿ.

ಎಷ್ಟು ಆಳ? ನನ್ನ ಪ್ರಕಾರ ಮೆನು, ಅದರೊಳಗೆ ಒಂದೇ ಒಳಮೆನು, ಅಷ್ಟೇ. ಟಿಕಿಂಟರ್ ಇನ್ನೂ ಒಳಗೆ ಬಿಡುತ್ತದೆ, ಮೌಸ್ ಹಿಡಿದ ಕೈ ಬಿಡಲ್ಲ. ವಿಂಡೋಸ್‌ನಲ್ಲಿ ಒಳಮೆನು ತೆರೆಯಲು ಮಾಮೂಲಿಯಾಗಿ 400 ಮಿಲಿಸೆಕೆಂಡ್ ಕಾಯುತ್ತದೆ, ಮೂರು ಹಂತ ಇಟ್ಟರೆ ಪ್ರತಿ ಸಲವೂ ಕಾಯಬೇಕು, ಮೌಸ್ ಸ್ವಲ್ಪ ಓರೆಯಾಗಿ ಹೋಗಿ ಪಕ್ಕದ ಸಾಲಿನ ಮೇಲೆ ನಿಂತರೆ ತೆರೆದದ್ದೂ ಮುಚ್ಚಿಕೊಳ್ಳುತ್ತದೆ. ಮೂರನೇ ಹಂತ ಬೇಕೇಬೇಕು ಅನಿಸಿದರೆ ಅಲ್ಲಿ ಡಯಲಾಗ್ ತೆರೆಯಿರಿ, ಆ ಸಾಲಿನ ಕೊನೆಗೆ ಮೂರು ಚುಕ್ಕಿ ಹಾಕಿ.

ಈಗ ಬಳಸಲಾಗದ ಸಾಲನ್ನು ಮಾಯ ಮಾಡಬೇಡಿ, ಡಿಸೇಬಲ್ ಮಾಡಿ. ನಿನ್ನೆ ಇದ್ದದ್ದು ಇವತ್ತು ಇಲ್ಲ ಅಂದರೆ ಗುಮಾಸ್ತರು ಫೋನ್ ಮಾಡೋದು ನಿಮಗೇ ಅಲ್ವಾ?

ಶಾರ್ಟ್‌ಕಟ್ ವಿಷಯ. ಮೆನು ಸಾಲಿಗೆ ಆಕ್ಸಲರೇಟರ್ ಅಂತ ಕೊಟ್ಟದ್ದು ಬರೀ ಕೀ ಹೆಸರು ತೋರಿಸೋಕೆ, ಕೀ ಕೆಲಸ ಮಾಡಬೇಕಾದರೆ ಅದನ್ನು ಫಂಕ್ಷನ್‌ಗೆ ಜೋಡಿಸುವ ಬೈಂಡ್ ಬೇರೆ ಬರೆಯಬೇಕು. ಕನ್ನಡ ಟೈಪ್ ಮಾಡುವವರು ಕೀಬೋರ್ಡ್ ಭಾಷೆ ಬದಲಿಸುತ್ತಲೇ ಇರುತ್ತಾರೆ, ಆಗ ಅಕ್ಷರದ ಶಾರ್ಟ್‌ಕಟ್ ಕೈಕೊಡಬಹುದು, ಆದ್ದರಿಂದ ಹೊಸ ಪಟ್ಟಿಗೆ ಎಫ್2 ಥರದ ಕೀ ಇಡಿ. ಎಫ್10 ಬಿಟ್ಟುಬಿಡಿ, ವಿಂಡೋಸ್‌ನಲ್ಲಿ ಅದು ಮೆನುಬಾರ್‌ಗೆ ಹೋಗುವ ಕೀ.

ಲಿನಕ್ಸ್‌ನಲ್ಲಿ ಓಡಿಸುವುದಾದರೆ ಕನ್ನಡ ಹೆಸರುಗಳನ್ನು ಮೊದಲೇ ಒಮ್ಮೆ ತೋರಿಸಿ ನೋಡಿ. ಟಿಕೆ 8.6ರಲ್ಲಿ ಒತ್ತಕ್ಷರ ಒಡೆದು ಕಾಣುವುದುಂಟು. ಹಾಗಾದರೆ ಅಲ್ಲಿ ಟಿಕಿಂಟರ್ ಬದಲು ಕ್ಯೂಟಿ ಅನ್ನುವ ಇನ್ನೊಂದು ಲೈಬ್ರರಿ ಬಳಸಿ.