ಸಂಬಳ ಅರ್ಧ ಆದ ವರ್ಷ ನಾವು ಕೊಳ್ಳುವುದನ್ನು ಬದಲಿಸಿದ್ದು ಹೀಗೆ

2020ರ ಲಾಕ್‌ಡೌನ್ ಮುಗಿದ ಮೇಲೆ ನಮ್ಮ ಮನೆಯವರ ಕೆಲಸ ಉಳಿಯಿತು, ಆದರೆ ಸಂಬಳ ಅರ್ಧ ಆಯಿತು. ಹಳೇ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ, ಎರಡು ಮಕ್ಕಳು, ಜೊತೆಗೆ ಅತ್ತೆ. ಅದಕ್ಕೂ ಮುಂಚೆ ಪರಿಸರಕ್ಕೆ ಒಳ್ಳೆಯದು ಅಂತ ನಾನು ಬಿದಿರಿನ ಬ್ರಶ್, ಸಾವಯವ ಬೇಳೆ ಎಲ್ಲ ತರುತ್ತಿದ್ದೆ. ಎಲ್ಲದಕ್ಕೂ ಜಾಸ್ತಿ ರೊಕ್ಕ. ತಿಂಗಳ ಸಾಮಾನಿನ ಚೀಟಿ ಬರೆಯಲು ಕೂತಾಗ ಮೊದಲು ಕಾಟು ಹಾಕಿದ್ದು ಇವಕ್ಕೇ. ತುಂಬಾ ಬೇಜಾರಾಗಿತ್ತು. ಆದರೆ ಆರು ತಿಂಗಳಾಗುವಷ್ಟರಲ್ಲಿ ನಮ್ಮ ಕಸದ ಬುಟ್ಟಿ ಮೊದಲಿಗಿಂತ ಹಗುರ ಆಗಿತ್ತು. ಪರಿಸರದ ಹೆಸರಲ್ಲಿ ಹೊಸದು ಕೊಳ್ಳುವುದಕ್ಕಿಂತ ಏನನ್ನೂ ಕೊಳ್ಳದೇ ಇರುವುದೇ ದೊಡ್ಡದು ಅಂತ ನನಗೆ ಆಗ ಗೊತ್ತಾಯಿತು.

ಮೊದಲು ಹಿಟ್ಟಿನ ಪಾಕೀಟು ನಿಲ್ಲಿಸಿದೆವು. ಸುಗ್ಗಿ ಮುಗಿದು ಜೋಳ ಬಂದಾಗ ನವಲಗುಂದ ಕಡೆಯಿಂದ ಒಂದು ಕ್ವಿಂಟಲ್ ಬಿಳಿಜೋಳ ತರಿಸಿದೆವು. ವಾರಕ್ಕೊಮ್ಮೆ ಸ್ಟೀಲ್ ಡಬ್ಬಿಯಲ್ಲಿ ಗಿರಣಿಗೆ ಒಯ್ದರೆ ಆಯಿತು, ಪ್ಲಾಸ್ಟಿಕ್ ಬರುವುದೇ ಇಲ್ಲ. ಆದರೆ ಆ ವರ್ಷ ನಾನು ಒಂದು ತಪ್ಪು ಮಾಡಿದೆ. ಮಾಳಿಗೆ ಮೇಲೆ ಒಣಗಿಸಿ, ಕೆಳಗೆ ತಂದ ತಕ್ಷಣ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದುಬಿಟ್ಟೆ. ಮಳೆ ಶುರುವಾಗಿ ಒಂದು ತಿಂಗಳಿಗೆ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ, ಕೈ ಹಾಕಿದರೆ ನುಸಿ ಮೊಣಕೈವರೆಗೆ ಹರಿದವು. ಹತ್ತು ಹದಿನೈದು ಕಿಲೋ ಎಮ್ಮೆಗೆ ಹೋಯಿತು. ಅತ್ತೆ ಬೈಯಲಿಲ್ಲ. "ಬಿಸಿ ಇದ್ದಂಗ ತುಂಬಬಾರದವಾ, ಒಳಗ ಬೆವರತೈತಿ" ಅಂದರು ಅಷ್ಟೇ. ಈಗ ಕಡಕ್ ಬಿಸಿಲಲ್ಲಿ ಎರಡು ದಿನ ಒಣಗಿಸಿ, ರಾತ್ರಿ ಪೂರ್ತಿ ನೆರಳಲ್ಲಿ ಹರವಿ ಆರಲು ಬಿಟ್ಟು, ಬೆಳಿಗ್ಗೆ ಒಣಗಿದ ಬೇವಿನ ಎಲೆ ನಡುನಡುವೆ ಹಾಕಿ ತುಂಬುತ್ತೇನೆ. ಆಮೇಲೆ ಒಂದು ಕಾಳೂ ಕೆಟ್ಟಿಲ್ಲ.

ಆ ಚಳಿಗಾಲದಲ್ಲಿ ಮಕ್ಕಳಿಗೆ ಹೊದಿಕೆ ಬೇಕಿತ್ತು. ಅಂಗಡಿಗೆ ಹೋಗುವ ಬದಲು ಅತ್ತೆ ಟ್ರಂಕ್ ತೆಗೆದರು. ಹರಿದ ಧೋತರ, ನನ್ನ ಹಳೆ ಕಾಟನ್ ಸೀರೆ, ಅವರದೇ ಒಂದು ಇಳಕಲ್ ಸೀರೆ, ಸೆರಗಿನ ರೇಷ್ಮೆ ಎಳೆ ಎಳೆಯಾಗಿ ಬಿಟ್ಟಿತ್ತು. ಒಂದರ ಮೇಲೊಂದು ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ಅಂಚಿನಿಂದ ಟಾಕಿ ಹಾಕುತ್ತ ಒಳಗೆ ಬಂದೆವು. ಮಧ್ಯಾಹ್ನ ಎರಡು ತಾಸಿನಂತೆ ಒಂದು ಕೌದಿಗೆ ಇಪ್ಪತ್ತು ದಿನ ಹಿಡಿಯಿತು. ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಗಟ್ಟಿ ಆಗಿತ್ತು. ಇಳಕಲ್ ಸೀರೆಯ ದಡಿ ಕಾಣುವ ಹಾಗೆ ಮೇಲೆ ಬರಬೇಕು ಅಂತ ಅತ್ತೆ ಹಟ ಹಿಡಿದಿದ್ದರು, ಅದು ಅವರ ಮದುವೆ ವರ್ಷದ್ದು. ಮಗಳು ಇವತ್ತಿಗೂ ಅದನ್ನೇ ಹೊದ್ದುಕೊಳ್ಳುತ್ತಾಳೆ. ಉಳಿದ ಚೂರುಗಳಲ್ಲಿ ಸಂತೆಗೆ ಒಯ್ಯಲು ಆರು ಕೈಚೀಲ ಹೊಲಿದೆ.

ರೊಕ್ಕ ಜಾಸ್ತಿ ಕೊಟ್ಟು ತಂದದ್ದು ಒಂದೇ, ಫ್ಯಾನ್. 2022ರಲ್ಲಿ ಚೀಟಿ ಎತ್ತಿದಾಗ ಕಡಿಮೆ ಕರೆಂಟ್ ತಿನ್ನುವ ಎರಡು ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆವು. ಹಳೆಯದು 75 ವ್ಯಾಟ್, ಇದು 30ರ ಆಸುಪಾಸು. ದಿನಕ್ಕೆ ಹತ್ತು ತಾಸು ತಿರುಗಿದರೆ ಎರಡೂ ಸೇರಿ ತಿಂಗಳಿಗೆ ಸುಮಾರು 27 ಯೂನಿಟ್ ಉಳಿತಾಯ. 2023ರಲ್ಲಿ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂತು, ಆದರೂ ನಮ್ಮ ಮಿತಿ ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಲೇಬೇಕಲ್ವಾ. ಅದಕ್ಕೆ ಬಿಲ್ ಸೊನ್ನೆ ಬಂತು ಅಂತ ಸುಮ್ನೆ ಫ್ಯಾನ್ ಓಡಲು ಬಿಡುವುದಿಲ್ಲ.

ಮನೆಯವರು ಧಾರವಾಡಕ್ಕೆ ಬೈಕ್ ಬಿಟ್ಟು ಚಿಗರಿ ಬಸ್ಸಿನಲ್ಲಿ ಹೋಗತೊಡಗಿದರು. ಪೆಟ್ರೋಲ್ ನೂರು ದಾಟಿದ ಮೇಲೆ ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇರಲಿಲ್ಲ.

ಈಗ ಸಂಬಳ ಮೊದಲಿನಷ್ಟು ಆಗಿದೆ. ಬಿದಿರಿನ ಬ್ರಶ್ ಮತ್ತೆ ತಂದಿಲ್ಲ. ನನ್ನ ಕೈಯಲ್ಲಿ ಇನ್ನೂ ಆಗದೇ ಉಳಿದಿರುವುದು ಹಾಲಿನ ಪಾಕೀಟು, ದಿನಕ್ಕೆ ಎರಡು ಬರುತ್ತವೆ. ಮೂಲೆಯನ್ನು ಪೂರ್ತಿ ಕತ್ತರಿಸಿದರೆ ಆ ಚಿಕ್ಕ ಚೂರು ಗಟಾರಕ್ಕೆ ಹೋಗುತ್ತದೆ, ಅದಕ್ಕೆ ಅಂಟಿಕೊಂಡೇ ಇರುವ ಹಾಗೆ ಸೀಳುತ್ತೇನೆ. ತೊಳೆದು, ಹಿತ್ತಲ ಹಗ್ಗಕ್ಕೆ ಒಣಹಾಕಿ, ನೂರಾದಾಗ ಗುಜರಿಯವರಿಗೆ ಕೊಡುತ್ತೇನೆ.