ವ್ಯಾನಿನ ಹಿಂದಿನ ಬ್ಯಾಟರಿ ಚಾರ್ಜ್ ಆಗದಿದ್ದಾಗ: ನನ್ನ ಅನುಭವ

ಕಾಸರಗೋಡಿನ ಮುಳ್ಳೇರಿಯದಿಂದ ಹೊರಟು ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿ ಮುಟ್ಟುವ ಹೊತ್ತಿಗೆ ನನ್ನ ಟಿಟಿ (ಟೆಂಪೋ ಟ್ರಾವೆಲರ್) ವ್ಯಾನಿನ ಹಿಂಭಾಗದಲ್ಲಿರುವ ಎರಡನೇ ಬ್ಯಾಟರಿ, ವಯರ್ ಬದಲಿಸಿದ ಮೇಲೆ ಈಗ, ಒಂದು ರಾತ್ರಿಗೆ ಬೇಕಾದಷ್ಟು ತುಂಬಿರುತ್ತದೆ. ಫ್ರಿಜ್, ಫ್ಯಾನ್, ಲೈಟು ಎಲ್ಲ ಬೆಳಗ್ಗಿನ ತನಕ ಓಡುತ್ತವೆ. ಇದನ್ನು ಬರೆಯಲು ಕಾರಣ ನಮ್ಮ ಭಾವ. "ಬರೀ ವಯರ್ ಬದಲಿಸಿದ್ರೆ ಚಾರ್ಜ್ ಆಗ್ತದಾ ಮಾರಾಯ?" ಅಂತ ನೆಂಟರ ಮನೆಯಲ್ಲೆಲ್ಲ ನಗಾಡಿಕೊಂಡು ಬಂದವರು ಅವರು.

ಗಾಡಿ ಹಳೇದು. ಹಿಂಭಾಗದಲ್ಲಿ 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್, ಅಂದರೆ ಮನೆಯ ಇನ್ವರ್ಟರಿಗೆ ಹಾಕುವಂಥ ಲೆಡ್-ಆಸಿಡ್ ಬ್ಯಾಟರಿ. ಅದಕ್ಕೂ ಮುಂದಿನ ಎಂಜಿನ್ ಬ್ಯಾಟರಿಗೂ ನಡುವೆ ಐಸೊಲೇಟರ್ ರಿಲೇ, ಎಂಜಿನ್ ಓಡುವಾಗ ಮಾತ್ರ ಎರಡನ್ನೂ ಜೋಡಿಸುವ ಸ್ವಿಚ್. ಮೂರು ಗಂಟೆ ಓಡಿಸಿದರೂ ಹಿಂದಿನ ಬ್ಯಾಟರಿ ಅರೆಹೊಟ್ಟೆಯಲ್ಲೇ ಇರುತ್ತಿತ್ತು. ನಡುರಾತ್ರಿ ಫ್ರಿಜ್ ಕಟ್.

ಬ್ಯಾಟರಿ ಅಂಗಡಿಯವರು "ಸೆಲ್ ಹೋಗಿದೆ" ಅಂದರು. ಹೊಸದಕ್ಕೆ 16 ಸಾವಿರದ ಹತ್ತಿರ ಹೋಯಿತು. ಸ್ವಲ್ಪ ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಅಂಗಡಿಯಲ್ಲಿ ಫುಲ್ ಚಾರ್ಜ್ ಮಾಡಿ ಕೊಟ್ಟಿದ್ದರಲ್ವಾ, ಅದು ಮುಗಿಯುವ ತನಕ ಚೆನ್ನಾಗಿತ್ತು ಅಷ್ಟೇ. ಆಮೇಲೆ ಇನ್ನೊಬ್ಬರು ಐಸೊಲೇಟರ್ ಬದಲಿಸಿದರು, ಎರಡೂವರೆ ಸಾವಿರ. ಮೂರನೆಯವರು ದೊಡ್ಡ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಬೇಕು, 20 ಸಾವಿರ ಆದೀತು ಅಂದರು. ಭಾವನದು ಲಿಥಿಯಂ ಬ್ಯಾಟರಿಯ ಸಲಹೆ, 45 ಸಾವಿರದ ಬಾಬ್ತು. ಅಲ್ಲಿಗೆ ನಾನು ಜೇಬು ಮುಚ್ಚಿ ಮೀಟರ್ ತೆಗೆದೆ.

ಎಲ್ಲರೂ ಎಂಜಿನ್ ಚಾಲೂ ಮಾಡಿ ಮುಂದೆ ಒಮ್ಮೆ, ಹಿಂದೆ ಒಮ್ಮೆ ವೋಲ್ಟೇಜ್ ನೋಡಿ ಬಿಡುತ್ತಿದ್ದರು. ಅದೂ ಲೋಡ್ ಇಲ್ಲದೆ. ಕರೆಂಟ್ ಹರಿಯದಿದ್ದರೆ ತುಕ್ಕು ಹಿಡಿದ ಜಾಯಿಂಟ್ ಕೂಡ ಒಳ್ಳೇ ವೋಲ್ಟೇಜೇ ತೋರಿಸುತ್ತದೆ. ನಾನು ಹಿಂದಿನ ಬ್ಯಾಟರಿಯನ್ನು ಮೊದಲು ಚೆನ್ನಾಗಿ ಇಳಿಸಿ, ಫ್ರಿಜ್ ಹಾಕಿ, ಎಂಜಿನ್ ಸ್ವಲ್ಪ ಏರಿಸಿಟ್ಟೆ. ಸುಮಾರು 20 ಆಂಪಿಯರ್ ಹೋಗುತ್ತಿತ್ತು. ಆಲ್ಟರ್ನೇಟರ್‌ನಲ್ಲಿ 14.2, ಹಿಂದೆ 13.1. ಈ 1.1 ವೋಲ್ಟ್ ದಾರಿಯಲ್ಲಿ ಎಲ್ಲಿ ಹೋಯಿತು?

ಪಾಸಿಟಿವ್ ವಯರಿನ ಎರಡು ತುದಿಗೆ ಪ್ರೋಬ್ ಇಟ್ಟರೆ 0.35. ಆರು ಮೀಟರ್ ಉದ್ದ, 6 ಸ್ಕ್ವೇರ್ ಎಂಎಂ ವಯರ್, ಅಷ್ಟು ಆಗಲೇಬೇಕು. ಫ್ಯೂಸ್, ರಿಲೇ ಸೇರಿ 0.15. ಉಳಿದದ್ದೆಲ್ಲ ನೆಗೆಟಿವ್ ಕಡೆ! ಒಂದು ಪ್ರೋಬ್ ಹಿಂದಿನ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ವಯರಿನ ತುದಿಗೆ ಒತ್ತಿದ ಲೋಹದ ಲಗ್‌ಗೆ ಅಲ್ಲ, ಕಂಬಕ್ಕೇ), ಇನ್ನೊಂದು ಆಲ್ಟರ್ನೇಟರ್ ಬಾಡಿಗೆ: ಸರಿಯಾಗಿ 0.6. ವ್ಯಾನನ್ನು ಮಲಗುವ ಗಾಡಿ (ಕ್ಯಾಂಪರ್) ಮಾಡಿಕೊಟ್ಟವರು ಅರ್ತನ್ನು, ಅಂದರೆ ನೆಗೆಟಿವನ್ನು ಗಾಡಿಯ ಬಾಡಿಗೆ ಜೋಡಿಸುವ ವಯರನ್ನು, ಸೀಟಿನ ಬೋಲ್ಟಿಗೆ, ಪೇಂಟಿನ ಮೇಲೆಯೇ ಬಿಗಿದಿದ್ದರು. ನಮ್ಮ ಊರಿನ ಜೂನ್–ಸೆಪ್ಟೆಂಬರ್ ಮಳೆ, ಮೇಲೆ ಬೇಕಲದ ಕಡಲ ಗಾಳಿ. ಬೋಲ್ಟ್ ಬಿಚ್ಚಿದಾಗ ಕೆಂಪು ಪುಡಿ ಉದುರಿತು.

ಕೆರೆದು ಬಿಗಿದರೆ ಸಾಕಿತ್ತು, ಮುಂದಿನ ಮಳೆಗಾಲದ ತನಕ. ನಾನು ಬಾಡಿ ಅರ್ತ್ ನಂಬುವುದನ್ನೇ ಬಿಟ್ಟೆ. 25 ಸ್ಕ್ವೇರ್‌ನ ತಾಮ್ರದ ವೆಲ್ಡಿಂಗ್ ಕೇಬಲ್ ತಂದು, ಎಂಜಿನ್ ಬ್ಲಾಕಿನಿಂದ ಹಿಂದಿನ ನೆಗೆಟಿವ್‌ಗೆ ಒಂದು, ಪಾಸಿಟಿವ್‌ಗೆ ಒಂದು ಎಳೆದೆ. ಪಾಸಿಟಿವ್‌ನ ಎರಡೂ ತುದಿಗೆ ಫ್ಯೂಸ್ ಬೇಕು. ಎರಡೂ ಕಡೆ ಬ್ಯಾಟರಿ ಇದೆ, ನಡುವೆ ಕೇಬಲ್ ಬಾಡಿಗೆ ತಾಗಿದರೆ ಎರಡೂ ಕಡೆಯಿಂದ ಬೆಂಕಿ. ಲಗ್ ಒತ್ತಲು ಹೈಡ್ರಾಲಿಕ್ ಕ್ರಿಂಪರನ್ನು ಪರಿಚಯದ ಕಂಟ್ರಾಕ್ಟರರಿಂದ ತಂದೆ. ಸುತ್ತಿಗೆಯಲ್ಲಿ ಜಜ್ಜಿದ ಲಗ್ ನನ್ನ ಗಾಡಿಯಲ್ಲಿ ಬೇಡ. ಒತ್ತುವ ಮುಂಚೆ ಎಳೆಗಳಿಗೆ ನಾನು ಒಂದು ಕೆಲಸ ಮಾಡುತ್ತೇನೆ. ಅದು ನನ್ನಲ್ಲೇ ಇರಲಿ.

ಒಟ್ಟು ಖರ್ಚು ಆರು ಸಾವಿರದ ಆಸುಪಾಸು. ಈಗ ಖಾಲಿ ಬ್ಯಾಟರಿಗೆ ಶುರುವಿನಲ್ಲಿ 40 ಆಂಪಿಯರ್ ಹೋಗುತ್ತದೆ, ಹಿಂದಿನ ಬ್ಯಾಟರಿಯಲ್ಲಿ 13.8 ವೋಲ್ಟ್ ಸಿಗುತ್ತದೆ. ಭಾವನಿಗೆ ಕ್ಲ್ಯಾಂಪ್ ಮೀಟರ್ (ವಯರಿನ ಸುತ್ತ ಹಿಡಿದು ಕರೆಂಟ್ ಅಳೆಯುವುದು) ಹಿಡಿದು ತೋರಿಸಿದೆ. "ಮೀಟರ್ ಸರಿ ಉಂಟಾ?" ಅಂತ ಕೇಳಿದರು.

ನಡುವೆ ಬೇರೆ ಆಟಗಳೂ ನಡೆದವು. ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಬದಲು ಮನೆಯ ತೆಂಗಿನೆಣ್ಣೆ ಹಚ್ಚಿ ನೋಡಿದೆ. ಇರುವೆ ಸಾಲುಗಟ್ಟಿದವು. ಮಾಡಿನ ಮೇಲೆ 100 ವಾಟ್ ಸೋಲಾರ್ ಇಟ್ಟೆ. ಆದರೆ ಗಾಡಿ ನಿಲ್ಲುವುದು ಅಡಿಕೆ ತೋಟದ ಬದಿಯಲ್ಲಿ. ಪ್ಯಾನೆಲಿನ ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟ್ ಪಾತಾಳಕ್ಕೆ ಇಳಿಯುತ್ತದೆ. ಈಗ ಅದು ಮನೆಯ ಟೆರೇಸಿನಲ್ಲಿ ಇನ್ನೊಂದು ಬ್ಯಾಟರಿ ತುಂಬಿಸುತ್ತಿದೆ. ಟ್ಯೂಬ್ಯುಲರನ್ನು ಒಳಗೇ ಇಡುವವರು ಡಬ್ಬಿ ಮುಚ್ಚಿ ಹೊರಗೆ ಪೈಪ್ ಬಿಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ನೀವು ಮಲಗುವುದೂ ಅಲ್ಲೇ.

ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯವರು ನನ್ನದನ್ನು ಹಾಗೆಯೇ ನಕಲು ಮಾಡಬೇಡಿ. ಅಂಥ ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರ್ ತನಗೆ ಬೇಕಾದ ಹಾಗೆ ವೋಲ್ಟೇಜ್ ಇಳಿಸುತ್ತದೆ, ದಪ್ಪ ವಯರ್ ಏನೂ ಮಾಡಲಾರದು. ಲಿಥಿಯಂ ಹಾಕಿ ನೇರ ದಪ್ಪ ವಯರ್ ಕೊಟ್ಟರೆ ಆಲ್ಟರ್ನೇಟರೇ ಸುಟ್ಟೀತು, ಅದರಲ್ಲೂ ಗಾಡಿ ನಿಲ್ಲಿಸಿ ಐಡಲ್‌ನಲ್ಲಿ ಬಿಟ್ಟರೆ. ಇಬ್ಬರಿಗೂ ವೋಲ್ಟೇಜನ್ನೂ ಕರೆಂಟನ್ನೂ ತಾನೇ ಹಿಡಿತದಲ್ಲಿಡುವ ಡಿಸಿ-ಡಿಸಿ ಚಾರ್ಜರೇ ಸರಿ. ಅದನ್ನು ಹಾಕಿದರೂ ಅರ್ತ್ ಮಾತ್ರ ದಪ್ಪದ್ದೇ ಎಳೆಯಿರಿ. 30 ಆಂಪಿಯರಿನ ಚಾರ್ಜರ್ ಮುಂದಿನಿಂದ 30ಕ್ಕಿಂತ ಜಾಸ್ತಿಯೇ ಎಳೆಯುತ್ತದೆ.