ಇಲಿಯ ರೆಟಿನಾದ ಗ್ಯಾಂಗ್ಲಿಯನ್ ಕೋಶಗಳು: ಬಗೆ ಗುರುತಿಸುವುದು ಹೇಗೆ?

ಕಣ್ಣು ಕಂಡದ್ದನ್ನು ಮಿದುಳಿಗೆ ಮುಟ್ಟಿಸುವುದು ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪದರದ, ಗ್ಯಾಂಗ್ಲಿಯನ್ ಕೋಶಗಳು. ಇಲ್ಲಿ ಇಲಿ ಎಂದರೆ ದೊಡ್ಡ ಇಲಿ, ರ‍್ಯಾಟ್. ಅದರ ಒಂದು ಕಣ್ಣಿನಲ್ಲಿ ಇವು ಸುಮಾರು 1 ಲಕ್ಷ ಇವೆ. ಕೆಲವು ಬೆಳಕು ಬಂದಾಗ ಮಿಡಿಯುತ್ತವೆ (ಆನ್), ಕೆಲವು ಬೆಳಕು ಹೋದಾಗ (ಆಫ್). ಇನ್ನು ಕೆಲವು ಒಂದೇ ದಿಕ್ಕಿನ ಚಲನೆಗೆ ಓಗೊಡುತ್ತವೆ. ಗ್ಲಾಕೋಮಾದಂಥ ಕಾಯಿಲೆಯಲ್ಲಿ ಯಾವ ಬಗೆ ಮೊದಲು ಸಾಯುತ್ತದೆ ಎಂದು ತಿಳಿಯಬೇಕಾದರೆ, ಮೊದಲು ಬಗೆಗಳನ್ನು ಗುರುತಿಸಲು ಬರಬೇಕು, ಅಲ್ವಾ?

ಶುರುವಿನಲ್ಲೇ ಒಂದು ಎಚ್ಚರಿಕೆ. ಇಲಿಯ ಗ್ಯಾಂಗ್ಲಿಯನ್ ಪದರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೋಶಗಳು ಅಮಾಕ್ರೈನ್ ಜಾತಿಯವು, ಅಂದರೆ ರೆಟಿನಾದೊಳಗೇ ಸುದ್ದಿ ಹಂಚುವ ಬೇರೆ ನರಕೋಶಗಳು. ಹಾಗಾಗಿ ಆಕ್ಸಾನ್ (ಸುದ್ದಿ ಹೊರಗೊಯ್ಯುವ ಉದ್ದನೆಯ ಎಳೆ) ಹೊರಟು ದೃಷ್ಟಿನರದ ಕಡೆ ಹೋಗುತ್ತಿದೆಯೇ ನೋಡಿ. ಆರ್‌ಬಿಪಿಎಂಎಸ್ ಎಂಬ ಪ್ರೋಟೀನಿಗೆ ಬಣ್ಣ ಹಚ್ಚಿದರೂ ಸಾಕು, ಅದು ಗ್ಯಾಂಗ್ಲಿಯನ್ ಕೋಶಗಳಲ್ಲೇ ಕಾಣುತ್ತದೆ.

ರೆಟಿನಾ ಬಿಡಿಸುವ ಮೊದಲೇ ಮೇಲ್ಭಾಗಕ್ಕೆ ಒಂದು ಗುರುತು ಹಾಕಿ. ಆಮೇಲೆ ನಾಲ್ಕು ಕಡೆ ಸೀಳಿ, ಗ್ಯಾಂಗ್ಲಿಯನ್ ಪದರ ಮೇಲೆ ಬರುವಂತೆ ಚಪ್ಪಟೆಯಾಗಿ ಹಾಸಿ. ಜೀವಂತ ರೆಟಿನಾದಲ್ಲಿ ಕೆಲಸ ಮಾಡುವವರು ಮೊದಲು ಬೆಳಕಿಗೆ ಕೋಶ ಕೊಡುವ ಉತ್ತರವನ್ನು ದಾಖಲಿಸಿ, ನಂತರ ಅದೇ ಗಾಜಿನ ಸೂಜಿಯಿಂದ ಬಣ್ಣ ತುಂಬುತ್ತಾರೆ. ನ್ಯೂರೋಬಯೋಟಿನ್ ಎಂಬ ಗುರುತಿನ ವಸ್ತು ಬಳಸಿದರೆ ಅದು ಪಕ್ಕದ ಕೋಶಗಳಿಗೂ ಹರಿಯಬಹುದು. ಅಂಥ ಕಡೆ ಯಾವ ಕವಲು ಯಾರದು ಎಂದು ಸಮಾಧಾನದಿಂದ ನೋಡಿ.

ಈಗ ಅಳತೆ. ಕೋಶದ ಒಡಲು ಎಷ್ಟು ದೊಡ್ಡದು, ಡೆಂಡ್ರೈಟ್‌ಗಳು (ಸುದ್ದಿ ಪಡೆಯುವ ಕವಲುಗಳು) ಎಷ್ಟು ಅಗಲ ಹರಡಿವೆ ಎಂದು ಬರೆದುಕೊಳ್ಳಿ. 1979ರಲ್ಲಿ ಪೆರ್ರಿ ಎಂಬ ಸಂಶೋಧಕರು, ಕೆಲವೇ ಕೋಶಗಳನ್ನು ಪೂರ್ತಿ ಕಾಣಿಸುವ ಗಾಲ್ಜಿ ಬಣ್ಣ ಹಾಕಿ, ಇಲಿಯ ಕೋಶಗಳನ್ನು ಹೀಗೆಯೇ ಮೂರು ಗುಂಪು ಮಾಡಿದರು. ಈಗಲೂ ಅದೇ ಅಡಿಪಾಯ: ಎ ಗುಂಪಿನಲ್ಲಿ ಒಡಲೂ ದೊಡ್ಡದು, ಹರವೂ ದೊಡ್ಡದು. ಬಿ ಗುಂಪಿನಲ್ಲಿ ಎರಡೂ ಚಿಕ್ಕವು. ಸಿ ಗುಂಪಿನಲ್ಲಿ ಒಡಲು ಚಿಕ್ಕದು, ಹರವು ಜಾಸ್ತಿ. ಎರಡು ಮಟ್ಟದಲ್ಲಿ ಕವಲೊಡೆಯುವ ಕೋಶಗಳನ್ನು ಮುಂದೆ ಡಿ ಎಂದು ಬೇರೆ ಇಟ್ಟರು.

ಆದರೆ ಅಳತೆಯನ್ನಷ್ಟೇ ನಂಬಿದರೆ ಕೆಲಸ ಕೆಡುತ್ತದೆ. ಒಂದೇ ಬಗೆಯ ಕೋಶ ರೆಟಿನಾದ ನಡುವೆ ಚಿಕ್ಕದಾಗಿ, ಅಂಚಿನಲ್ಲಿ ದೊಡ್ಡದಾಗಿ ಇರಬಹುದು. ದೃಷ್ಟಿನರದ ಬಿಲ್ಲೆಯಿಂದ ಸಮದೂರದಲ್ಲಿರುವ ಕೋಶಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ.

ನನ್ನ ಮಟ್ಟಿಗೆ ಅಳತೆಗಿಂತ ಆಳವೇ ಮುಖ್ಯ. ಡೆಂಡ್ರೈಟ್‌ಗಳು ಒಳ ಪ್ಲೆಕ್ಸಿಫಾರ್ಮ್ ಪದರದಲ್ಲಿ, ಅಂದರೆ ಅವು ಬೇರೆ ಕೋಶಗಳನ್ನು ಸಂಧಿಸುವ ಪದರದಲ್ಲಿ, ಯಾವ ಮಟ್ಟದಲ್ಲಿ ಹರಡಿವೆ ಎಂಬುದು ಕೋಶ ಯಾರ ಮಾತು ಕೇಳುತ್ತದೆ ಎಂದು ಹೇಳುತ್ತದೆ. ಮೈಕ್ರೋಸ್ಕೋಪಿನ ಫೋಕಸ್ ತಿರುಪನ್ನು ನಿಧಾನವಾಗಿ ತಿರುಗಿಸಿ. ಮೊದಲು ಒಡಲು ಕಾಣುತ್ತದೆ, ಇನ್ನೂ ಕೆಳಗಿಳಿದಂತೆ ಕವಲುಗಳು ಒಂದೊಂದಾಗಿ ಸ್ಪಷ್ಟವಾಗುತ್ತವೆ. ಒಡಲಿಗೆ ಹತ್ತಿರದ ಅರ್ಧದಲ್ಲಿ ಹರಡಿದ್ದರೆ ಸಾಮಾನ್ಯವಾಗಿ ಆನ್ ಕೋಶ, ದೂರದ ಅರ್ಧದಲ್ಲಿದ್ದರೆ ಆಫ್. ಎರಡೂ ಕಡೆ ಇದ್ದರೆ ಆನ್-ಆಫ್ ಆಗಿರುವ ಸಾಧ್ಯತೆ ಹೆಚ್ಚು. ಅಂಗಾಂಶ ಕುಗ್ಗುವುದರಿಂದ ಬರೀ ಮೈಕ್ರಾನ್ ಲೆಕ್ಕ ಸಾಲದು. ಸ್ಟಾರ್‌ಬರ್ಸ್ಟ್ ಎಂಬ ಬಗೆಯ ಅಮಾಕ್ರೈನ್ ಕೋಶಗಳಿಗೆ ಚಾಟ್ (ಅವುಗಳಲ್ಲಿರುವ ಒಂದು ಕಿಣ್ವ) ಬಣ್ಣ ಹಚ್ಚಿದರೆ ಎರಡು ಹೊಳೆಯುವ ಪಟ್ಟಿಗಳು ಮೂಡುತ್ತವೆ. ನಿಮ್ಮ ಕೋಶದ ಕವಲು ಯಾವ ಪಟ್ಟಿಯ ಮೇಲಿದೆ, ಕೆಳಗಿದೆ, ಅಥವಾ ನಡುವೆ ಇದೆ ಎಂದು ಬರೆಯಿರಿ.

ಇದಕ್ಕೂ ಅಪವಾದ ಇದೆ, ಅದೂ ಇಲಿಯಲ್ಲೇ ಕಂಡದ್ದು. 2002ರಲ್ಲಿ ಬರ್ಸನ್ ಮತ್ತು ಸಂಗಡಿಗರು ಮಿದುಳಿನ ದಿನಚರಿ ಗಡಿಯಾರಕ್ಕೆ ಹೋಗುವ ಗ್ಯಾಂಗ್ಲಿಯನ್ ಕೋಶಗಳನ್ನು ಹಿಡಿದು ಪರೀಕ್ಷಿಸಿದರು. ಬೆಳಕು ಹಿಡಿಯುವ ರಾಡ್, ಕೋನ್ ಕೋಶಗಳ ಸುದ್ದಿಯನ್ನು ಔಷಧದಿಂದ ತಡೆದರೂ ಅವು ಬೆಳಕಿಗೆ ಉತ್ತರಿಸಿದವು! ಅವುಗಳಲ್ಲೇ ಮೆಲನಾಪ್ಸಿನ್ ಎಂಬ ಬೆಳಕು ಹಿಡಿಯುವ ಪ್ರೋಟೀನ್ ಇದೆ. ಅವುಗಳ ಕವಲುಗಳು ಹೆಚ್ಚಾಗಿ ಹರಡಿರುವುದು ಆಫ್ ಭಾಗದ ಹೊರ ಅಂಚಿನಲ್ಲಿ, ಆದರೂ ಬೆಳಕು ಬಂದಾಗಲೇ ಮಿಡಿಯುತ್ತವೆ. ಆದ್ದರಿಂದ ಅಲ್ಲಿ ಕವಲು ಕಂಡರೆ ಮೆಲನಾಪ್ಸಿನ್ ಬಣ್ಣವನ್ನೂ ಹಾಕಿ ನೋಡಿ.

ಗುಂಪು ಸಿದ್ಧವಾದ ಮೇಲೆ ಒಂದು ಪರೀಕ್ಷೆ ಬಾಕಿ. ಒಂದೇ ಬಗೆಯ ಕೋಶಗಳು ಸಾಮಾನ್ಯವಾಗಿ ಒಂದಕ್ಕೊಂದು ಅಂತರ ಬಿಟ್ಟು ಕೂರುತ್ತವೆ, ರಂಗೋಲಿಯ ಚುಕ್ಕಿಗಳ ಹಾಗೆ. ನಿಮ್ಮ ಒಂದು ಗುಂಪಿನಲ್ಲಿ ಎರಡು ಒಡಲು ಅಂಟಿಕೊಂಡಂತೆ ಪದೇಪದೇ ಕಂಡರೆ, ಅಲ್ಲಿ ಎರಡು ಬಗೆ ಬೆರೆತಿರಬಹುದು. ಬಣ್ಣ ಅಲ್ಲೊಂದು ಇಲ್ಲೊಂದು ಕೋಶಕ್ಕೆ ಹತ್ತಿದ್ದರೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ.

ಜೀನ್‌ಗಳ ಆಧಾರದಲ್ಲಿ 2019ರಲ್ಲಿ ಚಿಕ್ಕ ಇಲಿಯಲ್ಲಿ, ಅಂದರೆ ಮೌಸ್‌ನಲ್ಲಿ, 46 ಬಗೆ ಗುರುತಿಸಿದ್ದಾರೆ. ದೊಡ್ಡ ಇಲಿಯ ಕೋಶಕ್ಕೆ ಆ ಹೆಸರುಗಳನ್ನು ಸುಮ್ನೆ ಅಂಟಿಸಬೇಡಿ. ಆಕಾರ, ಆಳ, ಬೆಳಕಿನ ಉತ್ತರ ಮೂರೂ ಹೊಂದಿದರೆ ಮಾತ್ರ ಹೆಸರು ಕೊಡಿ. ಹೊಂದದ ಕೋಶಗಳನ್ನು ಚಿತ್ರ ಮತ್ತು ಅಳತೆ ಸಮೇತ ಬೇರೆ ಕಡತದಲ್ಲಿ ಇಡಿ.